ಡ್ರೈ ರನ್

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಪಂಪ್ ಕೋಣೆಯನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ನೀರಣ್ಣ ಎಂದೇ ಕರೆಯುತ್ತಿದ್ದರು. ಬುಧವಾರ ಸಂಜೆ ಹೊಸ ಎಂಜಿನಿಯರಮ್ಮ ಬೋರ್ಡಿನ ಮೇಲೆ ಬರೆದದ್ದನ್ನು ಓದಿ ಅವನು ಗಾಬರಿಯಾದ. ನಾಳೆ ಹತ್ತು ಗಂಟೆಗೆ ಪಂಪ್ ಕೋಣೆಯಲ್ಲಿ ಡ್ರೈ ರನ್.

ಅವನ ಕಸುಬಿನಲ್ಲಿ ಆ ಮಾತಿಗೆ ಒಂದೇ ಅರ್ಥ: ನೀರಿಲ್ಲದೆ ಪಂಪ್ ಓಡುವುದು. ಓಡಿದರೆ ಒಳಗಿನ ಸೀಲ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಹಿಂದೊಮ್ಮೆ ಹಾಗಾಗಿ ಆಸ್ಪತ್ರೆಗೆ ನೀರಿಲ್ಲದೆ ಎರಡು ದಿನ ಆಪರೇಷನ್‌ಗಳನ್ನೇ ಮುಂದೂಡಿದ್ದರು.

ಗುರುವಾರ ಎಂಜಿನಿಯರಮ್ಮ ಎಲೆಕ್ಟ್ರಿಷಿಯನ್ ಹೆಂಗಸನ್ನು ಕರೆದುಕೊಂಡು ಬಂದಾಗ ಬಾಗಿಲಿಗೆ ಬೀಗ. ಮುಂದೆ ಸ್ಟೂಲ್ ಹಾಕಿಕೊಂಡು ನೀರಣ್ಣ ಕೂತಿದ್ದ.

"ಬೇಕಾದ್ರೆ ನನ್ನ ಕೆಲಸ ತೆಗೀರಿ ಮೇಡಂ. ನೀರಿಲ್ದೆ ಪಂಪ್ ಓಡ್ಸೋಕೆ ನಾನಂತೂ ಬಿಡಲ್ಲ."

"ಪಂಪ್ ಓಡಿಸ್ತೀವಿ ಅಂತ ಯಾರು ಹೇಳಿದ್ರು?"

"ನೀವೇ ಬರೆದಿದ್ದೀರಲ್ಲ!"

ಎಂಜಿನಿಯರಮ್ಮನಿಗೆ ವಿಷಯ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ, ಅದು ತಾಲೀಮು ಕಣ್ರೀ. ನಿಜವಾಗಿ ಏನೂ ಮಾಡದೆ, ಮಾಡೋ ಹಾಗೆ ಒಂದ್ಸಲ ನೋಡ್ಕೊಳ್ಳೋದು. ಇಂಗ್ಲಿಷಲ್ಲಿ ಅದಕ್ಕೂ ಡ್ರೈ ರನ್ ಅಂತಾರೆ."

"ತಾಲೀಮು ಅಂತ್ಲೇ ಬರೀಬಾರ್ದಿತ್ತಾ? ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ನಾನು," ಎನ್ನುತ್ತ ಅವನು ಬೀಗ ತೆಗೆದ.

"ಈಗ ದೊಡ್ಡ ಪಂಪ್ ನಿಂತುಹೋಗಿದೆ ಅಂದ್ಕೊಳ್ಳಿ," ಎಂದು ಎಂಜಿನಿಯರಮ್ಮ ಎಲೆಕ್ಟ್ರಿಷಿಯನ್‌ಗೆ ಹೇಳಿದರು. "ಎರಡನೇ ಪಂಪಿಗೆ ನೀರು ಬಿಡೋ ವಾಲ್ವ್ ಯಾವುದು? ತಿರುಗಿಸ್ಬೇಡಿ, ಮುಟ್ಟಿ ತೋರ್ಸಿ ಸಾಕು. ನೀರಣ್ಣ ರಜೆ ಮೇಲಿದ್ದಾರೆ."

ಆಕೆ ಪೈಪುಗಳ ನಡುವೆ ಬಗ್ಗಿ ಎದ್ದು ಹುಡುಕಿದಳು. ಹದಿನಾಲ್ಕು ವಾಲ್ವ್‌ಗಳಿದ್ದವು, ಒಂದರ ಮೇಲೂ ಹೆಸರಿರಲಿಲ್ಲ.

"ನೀರಣ್ಣ, ಒಂದೇ ಒಂದು ಮಾತು ಹೇಳ್ಬಾರ್ದಾ?"

"ನಾನು ಊರಲ್ಲಿಲ್ಲಮ್ಮ."

ಸರಿಯಾದ ವಾಲ್ವ್ ಸಿಗಲು ಹನ್ನೊಂದು ನಿಮಿಷ ಹಿಡಿಯಿತು. ನೀರಣ್ಣನಿಗೆ ಮೊದಮೊದಲು ಒಳಗೊಳಗೇ ಬೀಗುವಂತಾಗಿತ್ತು. ಏಳನೇ ನಿಮಿಷಕ್ಕೆ ನೀರಿಲ್ಲದ ಮೇಲಿನ ವಾರ್ಡುಗಳು ಕಣ್ಣ ಮುಂದೆ ಬಂದು ಅವನ ಮುಖ ಸಪ್ಪಗಾಯಿತು.

ಮಧ್ಯಾಹ್ನ ಅವನು ಬಣ್ಣದ ಡಬ್ಬಿ ತಂದು ಪ್ರತಿ ವಾಲ್ವಿನ ಮೇಲೂ ಅದರ ಕೆಲಸವನ್ನು ದಪ್ಪಕ್ಷರದಲ್ಲಿ ಬರೆದ. ಮರುವಾರದ ತಾಲೀಮಿನಲ್ಲಿ ಎಲೆಕ್ಟ್ರಿಷಿಯನ್ ಒಂದೇ ನಿಮಿಷದಲ್ಲಿ ಕೈ ಇಟ್ಟು ತೋರಿಸಿದಳು.

ಮುಂದಿನ ತಿಂಗಳು ನೀರಣ್ಣ ಎಂಟು ದಿನ ರಜೆ ಹಾಕಿ ಹೆಂಡತಿಯನ್ನು ಕರೆದುಕೊಂಡು ತಂಗಿಯ ಮನೆಗೆ ಹೋದ. ಒಟ್ಟಿಗೆ ಎರಡು ದಿನಕ್ಕಿಂತ ಹೆಚ್ಚು ರಜೆಯನ್ನು ಅವನು ತೆಗೆದುಕೊಂಡದ್ದು ಅದೇ ಮೊದಲು. ಮೂರನೇ ದಿನ ತಡೆಯಲಾರದೆ ಫೋನ್ ಮಾಡಿದ.

"ಎಲ್ಲಾ ಸರಿಯಾಗಿದೆ ಅಣ್ಣ, ಇಡಿ ಫೋನು," ಎಂದಳು ಎಲೆಕ್ಟ್ರಿಷಿಯನ್.