ಮೂರು ಹೆಸರಿನ ದೇವರು

ನಾನು ಒಂದು ಮರದ ಮೂರ್ತಿ. ಪ್ರಾಚೀನ ಈಜಿಪ್ಟಿನ ಮೆಂಫಿಸ್ ಪಟ್ಟಣದಲ್ಲಿ, ನೈಲ್ ನದಿಯ ದಂಡೆಯಲ್ಲಿದ್ದ ಅತ್ತಿಮರದ ಕೊಂಬೆಯಿಂದ ನನ್ನನ್ನು ಕಡೆದವನು ಪಾಹೋರ್ ಎಂಬ ಮುದುಕ.

ನಾನಿನ್ನೂ ಬರಿಯ ಕೊರಡಾಗಿದ್ದಾಗ ಇಬ್ಬರು ಹೆಂಗಸರು ಅವನ ಅಂಗಳಕ್ಕೆ ಬಂದರು. ಕಲ್ಲುಕುಟಿಗ ಜೆಧೋರ್ ಜ್ವರದಲ್ಲಿ ತೀರಿಕೊಂಡು ಎಂಟು ದಿನವಾಗಿತ್ತು. ಹಿರಿಯಳು ಅವನ ತಾಯಿ ಇರೆತ್, ಕಿರಿಯಳು ಹೆಂಡತಿ ತಮಿತ್. ಸಮಾಧಿಯಲ್ಲಿಡಲು ದೇವರು ಬೇಕಿತ್ತು. ಯಾವ ದೇವರು ಎಂಬುದೇ ಜಗಳ.

ಇರೆತಳ ಮನೆದೇವರು ಕಸುಬುದಾರರ ದೇವರಾದ ಪ್ತಾಹ. ಮಗನ ಕೈಗೆ ಉಳಿ ಕೊಟ್ಟವನೇ ಅವನು ಎಂದು ಆಕೆಯ ವಾದ. ತಮಿತ್ ದೂರದ ಅಬಿದೋಸಿನಿಂದ ಬಂದ ಸೊಸೆ. ಅವಳ ತವರಿನ ದೇವರು ಒಸಿರಿಸ, ಸತ್ತು ಎದ್ದವನು.

"ಸತ್ತವರನ್ನ ಎಬ್ಬಿಸೋನು ಅವನೊಬ್ಬನೇ ಅತ್ತೆ," ಎಂದಳು ತಮಿತ್. "ಅವರು ಏಳದಿದ್ದರೆ, ನಾನು ಸತ್ತಮೇಲೆ ಯಾರ ಹತ್ತಿರ ಹೋಗಲಿ?"

ಪಾಹೋರ್ ಉಳಿ ಕೆಳಗಿಟ್ಟ. ಗೋರಿಗಳನ್ನು ಕಾಯುವ ಸೋಕರನನ್ನು ಪ್ತಾಹನೊಂದಿಗೆ ಸೇರಿಸಿ ಪೂಜಿಸುವುದು ಈ ಊರಿನ ಹಳೆಯ ರೂಢಿ, ಒಸಿರಿಸನನ್ನೂ ಕೂಡಿಸಿ ಮೂವರನ್ನು ಒಂದೇ ಮೈಯಲ್ಲಿ ಕಡೆಯುವುದುಂಟು ಎಂದ.

"ಮುಖ ಯಾರದು?" ಎಂದು ಇರೆತ್ ಕೇಳಿದಳು.

"ನೀವು ಹೇಳಿದವರದು."

ಆಕೆ ಬಹಳ ಹೊತ್ತು ನನ್ನನ್ನೇ ನೋಡಿದಳು. "ಹಾಗಾದರೆ ನನ್ನ ಮಗನದೇ ಇರಲಿ. ಮೂಗು ನಾನು ಹೇಳ್ತೀನಿ. ನಗು ಇವಳು ಹೇಳಲಿ, ಇವಳಿಗೇ ಚೆನ್ನಾಗಿ ಗೊತ್ತು."

ತುಟಿಯ ಎಡಮೂಲೆ ತುಸು ಮೇಲಕ್ಕೆ ಎಂದು ತಮಿತ್ ಹೇಳಿದಾಗ ಇಬ್ಬರೂ ಅತ್ತರು.

ನನ್ನನ್ನು ಸಮಾಧಿಯ ಮುಂಕೋಣೆಯಲ್ಲಿಟ್ಟರು. ಪ್ರತಿವರ್ಷ ನೆರೆ ಇಳಿದು ಬಿತ್ತನೆ ಶುರುವಾಗುವಾಗ ಇಬ್ಬರೂ ರೊಟ್ಟಿ ತಂದು ಎಡೆಯಿಡುತ್ತಿದ್ದರು. ಮೊದಮೊದಲು ಅತ್ತೆ ಪ್ತಾಹನನ್ನು ಕರೆಯುವಳು, ಸೊಸೆ ಒಸಿರಿಸನನ್ನು. ಬರುಬರುತ್ತಾ ಮೂರು ಹೆಸರೂ ಒಂದೇ ಉಸಿರಿನಲ್ಲಿ ಬರತೊಡಗಿದವು. ಹನ್ನೊಂದನೆಯ ವರ್ಷ ತಮಿತ್ ಒಬ್ಬಳೇ ಬಂದಳು. ರೊಟ್ಟಿಯಿಟ್ಟು, ಅತ್ತೆಯ ದೇವರನ್ನೇ ಮೊದಲು ಕರೆದಳು. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಆಮೇಲೆ ಅವಳೂ ಬರಲಿಲ್ಲ. ಮರಳು ತುಂಬಿತು. ಎಷ್ಟೋ ಶತಮಾನಗಳ ಬಳಿಕ ಅಗೆಯುವವರು ಬಂದು ನನ್ನನ್ನು ಗೋಣಿಯಲ್ಲಿ ಸುತ್ತಿ ಒಯ್ದರು. ಒಬ್ಬ ಶ್ರೀಮಂತನ ಮೇಜಿನ ಮೇಲೆ ಕೆಲಕಾಲ ಕಾಗದದ ಕಂತೆ ಹಾರದಂತೆ ಭಾರವಾಗಿ ನಿಂತೆ. ಈಗ ಬಣ್ಣ ಉದುರಿ, ಪಾದಕ್ಕೆ ಗೆದ್ದಲು ಹಿಡಿದು, ವಸ್ತುಸಂಗ್ರಹಾಲಯದ ಮೂಲೆಯಲ್ಲಿದ್ದೇನೆ.

ಮೂವರು ದೇವರು ಒಬ್ಬರಾದದ್ದು ಹೇಗೆಂದು ನೋಡಲು ಬರುವ ಶಾಲೆಯ ಮಕ್ಕಳು ಕೇಳುತ್ತಾರೆ. ಮೇಷ್ಟ್ರು ರಾಜರ, ಪುರೋಹಿತರ ಹೆಸರು ಹೇಳುತ್ತಾರೆ. ಅದೂ ನಿಜವಿರಬಹುದು. ನನಗೆ ಗೊತ್ತಿರುವುದು ಒಂದು ಮನೆಯ ಸಂಗತಿ ಮಾತ್ರ. ಮಗ ಹೋದಮೇಲೂ ಇರೆತ್ ಸೊಸೆಯನ್ನು ತವರಿಗೆ ಕಳಿಸಲಿಲ್ಲ. ಹೋಗುತ್ತೇನೆಂದು ತಮಿತ್ ಕೇಳಲೂ ಇಲ್ಲ. ಕೊನೆಯವರೆಗೂ ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡರು.