ಗಿಡ್ಡ ಹಗ್ಗ

"ಚಿಕ್ಕಮ್ಮ, ಈ ದೋಣಿ ಹಗ್ಗ ಯಾಕೆ ಹೀಗೆ ಜೋತಾಡ್ತಿದೆ?"

"ಜೋತಾಡ್ಲಿ ಬಿಡು, ನಿಂಗೇನು ಕಷ್ಟ?" ಎಂದು ಚಿಕ್ಕಮ್ಮ ಏಡಿಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ದೋಣಿ ಕಟ್ಟುವ ದಕ್ಕೆಯ ಮೆಟ್ಟಿಲು ಹತ್ತಿ ಹೊರಟೇಬಿಟ್ಟಳು. ಏಡಿ ಸತ್ತರೆ ಕೊಳ್ಳುವವರು ಮೂಸಿಯೂ ನೋಡುವುದಿಲ್ಲ. ನಿಂತು ಯಾಕಮ್ಮನಿಗೆ ಉತ್ತರ ಹೇಳುವ ಹೊತ್ತೇ ಅದು?

ಹುಡುಗಿಗೆ ಯಾಕಮ್ಮ ಅಂತ ಹೆಸರಿಟ್ಟವಳೂ ಚಿಕ್ಕಮ್ಮನೇ. ರಜೆಗೆ ಬಂದಿಳಿದಾಗಿನಿಂದ ಸಮುದ್ರ ಯಾಕೆ ಉಪ್ಪು, ಏಡಿ ಯಾಕೆ ಅಡ್ಡಡ್ಡ ನಡೆಯುತ್ತದೆ ಎಂದು ಅವಳು ತಲೆ ತಿಂದಿದ್ದಳು. ಅವಳಪ್ಪ ದೂರದ ಕೆರೆಯೊಂದರಲ್ಲಿ ದೋಣಿ ನಡೆಸುವವನು. ಅಲ್ಲಿ ನೀರು ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ. ದೋಣಿಯನ್ನು ಗಿಡ್ಡವಾಗಿ ಬಿಗಿದು ಕಟ್ಟಿದರೆ ಅಲುಗಾಡಿ ಬಣ್ಣ ಕೆಡಿಸಿಕೊಳ್ಳುವುದಿಲ್ಲ ಎಂದು ಅಪ್ಪ ಕೈ ಹಿಡಿದು ಕಲಿಸಿದ್ದ. ಚಿಕ್ಕಮ್ಮನ ದೋಣಿಯ ನೀಲಿ ಬಣ್ಣವಂತೂ ಇನ್ನೂ ಹೊಸದು.

ಯಾಕಮ್ಮ ಹಗ್ಗವನ್ನೆಲ್ಲ ಎಳೆದು, ದಕ್ಕೆಯ ಗೋಡೆಯ ಕಬ್ಬಿಣದ ಬಳೆಗೆ ದೋಣಿಯ ಮೂತಿ ತಾಗುವಷ್ಟು ಗಿಡ್ಡ ಮಾಡಿ, ಅಪ್ಪನ ಗಂಟನ್ನೇ ಹಾಕಿದಳು. ಚಿಕ್ಕಮ್ಮ ನೋಡಿ ಭೇಷ್ ಅನ್ನಲೇಬೇಕು ಎಂದುಕೊಂಡು ಮನೆಗೆ ಓಡಿದಳು.

ಊಟ ಮುಗಿಸಿ ಚಿಕ್ಕಮ್ಮ ಅಡ್ಡಾಗಿದ್ದಳಷ್ಟೇ. ಪಕ್ಕದ ಮನೆಯ ಬಲೆ ಹೆಣೆಯುವ ಅಜ್ಜ ಬೀದಿಯಿಂದಲೇ ಕೂಗಿದ: "ಏ, ನಿನ್ ದೋಣಿ ಮುಳುಗ್ತಿದೆ ಬಾರೇ!"

ಇಬ್ಬರೂ ಎದ್ದುಬಿದ್ದು ಓಡಿದರು. ಬೆಳಿಗ್ಗೆ ಕಂಡ ಕಬ್ಬಿಣದ ಬಳೆ ಎಲ್ಲೂ ಕಾಣಲಿಲ್ಲ. ಅದರ ಮೇಲೆ ಹಸಿರು ನೀರು ನಿಂತಿತ್ತು. ಹಗ್ಗ ದೋಣಿಯ ಮೂತಿಯನ್ನು ಕೆಳಗೆ ಹಿಡಿದೆಳೆದು, ಹಿಂಭಾಗ ಮೇಲೆದ್ದಿತ್ತು. ಗಾಳಿಯಿಲ್ಲ, ಅಲೆಯಿಲ್ಲ. ಹೊಳೆಯುವ ಬಿಸಿಲಿನಲ್ಲಿ ನೀರು ಸದ್ದಿಲ್ಲದೆ ಅಂಚು ದಾಟಿ ಒಳಗೆ ಇಳಿಯುತ್ತಿತ್ತು. ಸಮುದ್ರಕ್ಕೆ ಕೋಪ ಬಂದ ಹಾಗೇನೂ ಇರಲಿಲ್ಲ. ಯಾಕಮ್ಮನಿಗೆ ಅದರಿಂದಲೇ ಹೆಚ್ಚು ಭಯವಾಯಿತು.

"ಅಯ್ಯೋ, ಯಾರೇ ಹೀಗೆ ಕಟ್ಟಿದ್ದು?"

"ನಾನೇ ಚಿಕ್ಕಮ್ಮ."

ಆ ದೋಣಿ ಹೋದರೆ ಚಿಕ್ಕಮ್ಮನ ಅನ್ನವೇ ಹೋದಂತೆ. ಅವಳು ಸೊಂಟದ ಚೂರಿ ಹಿರಿದು ನೀರಿಗಿಳಿದಳು. ಯಾಕಮ್ಮನೂ ಹಿಂದೆಯೇ ಇಳಿದು ಹಗ್ಗ ಹಿಡಿದಳು. ಬೆಳಿಗ್ಗೆ ಮೆತ್ತಗಿದ್ದ ಹಗ್ಗ ಈಗ ಕಬ್ಬಿಣದ ಸರಳು.

"ಕೈ ತೆಗಿ! ಬೆರಳು ಹೋಗುತ್ತೆ! ಮೇಲೆ ಹತ್ತು!"

ಚೂರಿ ತಾಗಿತೋ ಇಲ್ಲವೋ, ಹಗ್ಗ ಪಟಾರೆಂದು ಹರಿಯಿತು. ಮೂತಿ ಚಿಮ್ಮಿ ಮೇಲೆದ್ದು ಚಿಕ್ಕಮ್ಮನ ಭುಜಕ್ಕೆ ಬಡಿದು, ಅವಳು ನೀರಿನಡಿ ಹೋದಳು. ಮೆಟ್ಟಿಲು ಹತ್ತಿದ್ದ ಯಾಕಮ್ಮ ಬಗ್ಗಿ ನೀರಲ್ಲಿ ಹುಡುಕಿದಳು. ಆಮೇಲೆ ಒದ್ದೆ ತಲೆಯೊಂದು ಕೆಮ್ಮುತ್ತ ಮೇಲೆ ಬಂತು.

ಅಷ್ಟರಲ್ಲಿ ಬಂದು ಸೇರಿದ ಅಜ್ಜ ದೋಣಿಯನ್ನು ಹಿಡಿದುಕೊಂಡ. ಚಿಕ್ಕಮ್ಮ, ಯಾಕಮ್ಮ ಇಬ್ಬರೂ ಡಬ್ಬದಲ್ಲಿ ನೀರು ಮೊಗೆದು ಮೊಗೆದು ಚೆಲ್ಲಿದರು. ಚಿಕ್ಕಮ್ಮನ ಎಡಗೈ ಮೇಲೇಳುತ್ತಿರಲಿಲ್ಲ.

"ಬೈಯಿ ಚಿಕ್ಕಮ್ಮ," ಎಂದು ಯಾಕಮ್ಮ ಬಿಕ್ಕಿದಳು.

"ಬೈದು ಏನ್ಮಾಡ್ಲಿ? ನೀನು ಕೇಳಿದಾಗ ನಾನು ಬಾಯಿ ಬಿಡ್ಲಿಲ್ಲ. ನೀರು ದಿನಾ ಏರುತ್ತೆ ಕಣೆ, ಇಳಿಯುತ್ತೆ. ಏರೋದಕ್ಕೆ ಜಾಗ ಬಿಡಬೇಕು. ಬಿಡದಿದ್ರೆ ಇದು ಯಾರ ದೋಣಿ ಅಂತ ಅದು ಕೇಳಲ್ಲ."

"ಇಷ್ಟು ದೊಡ್ಡ ನೀರನ್ನ ಎತ್ತೋರು ಯಾರು?"

"ಚಂದ್ರ ಅಂತಾರಪ್ಪ."

ಯಾಕಮ್ಮ ಕಣ್ಣೊರೆಸಿಕೊಂಡು ಮೇಲೆ ನೋಡಿದಳು. ಆಕಾಶದಲ್ಲಿ ಸೂರ್ಯನೊಬ್ಬನೇ ಇದ್ದ.

ದೋಣಿ ನೆಟ್ಟಗಾದ ಮೇಲೆ ಅಜ್ಜ ಅದನ್ನು ಉದ್ದ ಹಗ್ಗದಲ್ಲಿ ಕಟ್ಟಿದ. ಭುಜ ಹಿಡಿದುಕೊಂಡ ಚಿಕ್ಕಮ್ಮನನ್ನು ನೆರಳಲ್ಲಿ ಕೂರಿಸಿ ಉಪಚರಿಸತೊಡಗಿದ. ಯಾಕಮ್ಮ ಕಲ್ಲಿನ ಮೆಟ್ಟಿಲಿನ ಮೇಲೆ ಕೂತು ಸಮುದ್ರವನ್ನೇ ದಿಟ್ಟಿಸಿದಳು. ಏನೂ ಆಗುತ್ತಿರುವಂತೆ ಕಾಣಲಿಲ್ಲ. ತುಸು ಹೊತ್ತಿನ ಮೇಲೆ ಕಾಲ ಬೆರಳು ತಣ್ಣಗಾಯಿತು. ಬಗ್ಗಿ ನೋಡಿದಳು. ಅವಳು ಚಪ್ಪಲಿಯನ್ನು ಕೈಗೆತ್ತಿಕೊಂಡು ಒಂದು ಮೆಟ್ಟಿಲು ಮೇಲೆ ಸರಿದು ಕೂತಳು.