ನಲವತ್ತು ಮಂದಿಯ ಸೂಜಿ

ನನ್ನ ಗಂಡ ಪಂಢರಿ ಲಿವರ್ ಕ್ಯಾನ್ಸರಿನಿಂದ ತೀರಿಕೊಂಡ ಮೂರನೆಯ ದಿನ, ಮೈದುನ ಏಕನಾಥ ಭಾಲ್ಕಿಯ ನಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತ, "ಅಣ್ಣ ಕದ್ದು ಕುಡೀತಿದ್ದ, ವೈನಿ" ಅಂದ.

ಹೆಂಡದ ಹನಿ ಮುಟ್ಟದ ಮನುಷ್ಯ ಅವರು. ನಾನು ಸಿಟ್ಟಿನಿಂದ ಅವನತ್ತ ತಿರುಗಿದೆ.

"ಎಪ್ಪತ್ತೆರಡರ ಬರದಾಗ ಕಬ್ಬು ಕಡಿಯಲಾಕ ಲಾರಿ ಹತ್ತೂ ಮುಂದ ಕೂಲಿ ಮಂದೀನ ಒಯ್ಯೋ ಮುಕಾದಮ ಇವರಿಗೂ ತಾಕತ್ತಿನ ಸೂಜಿ ಹಾಕಿಸಿದ್ದ. ನಲವತ್ತು ಮಂದಿಗೆ ಒಂದೇ ಸೂಜಿ. ಅದರಾಗಿಂದ ಲಿವರಿಗೆ ಹತ್ತೋ ಕಾಮಾಣಿ ವೈರಸ್ ಹೊಕ್ಕಿರಬೇಕಂತ ಬೀದರದ ಡಾಕ್ಟರಮ್ಮ ಹೇಳ್ಯಾರ. ಆ ವೈರಸ್ ಲಿವರಿನ ಜೀವಕೋಶದಾಗಿನ ಜೀನಿನ ಬರಹ ಅಳಿಸೂದಿಲ್ಲ. ಆ ಬರಹದಾಗ ಕ್ಯಾನ್ಸರ್ ಗಂಟು ಬೆಳೀದಂಗ ತಡಿಯೋ ಮಾತಿನ ಮ್ಯಾಲ ಮುಚ್ಚಳ ಹಾಕ್ತದ, ಓದಾಕ ಬರದಂಗ."

"ಹೋದವರು ಹೋದ್ರು, ಬಿಡ್ರಿ ವೈನಿ."

"ಯಾಕ ಬಿಡ್ಲಿ? ಅವರ ಹಿಂದಿಂದ ಅದೇ ಸೂಜಿ ಚುಚ್ಚಿಸಿಕೊಂಡಾವ ನೀ. ನಡಿ ಬೀದರಕ್ಕ, ರಕ್ತ ತಪಾಸಣಿ ಮಾಡ್ಸು."

ಏಕನಾಥ ಚಹಾದ ಬಸಿ ಕೆಳಗಿಟ್ಟ. ಅವನ ಕೈ ತಾನಾಗಿ ಲಿವರ್ ಇರುವ ಬಲ ಪಕ್ಕೆಯ ಮೇಲೆ ಹೋಯಿತು.